ಎಪ್ಪತ್ತೆರಡು ಕಾಳು

ಜಮಖಂಡಿಯ ಬ್ರಾಹ್ಮಣರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನು ಹೋಗುತ್ತಿದ್ದದ್ದು ನಾರಾಯಣ ಭಟ್ಟರಿಗೆ. ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ ಮಾಡಿಸುವ ಭಟ್ಟರು ಊರಲ್ಲಿ ಬೇಕಾದಷ್ಟು ಮಂದಿ ಇದ್ದರು, ಸುಡುಗಾಡಿಗೆ ಬರುವವರು ಇವರೊಬ್ಬರೇ. ಅದಕ್ಕಾಗಿಯೇ ಶುಭಕಾರ್ಯಕ್ಕೆ ಇವರನ್ನು ಯಾರೂ ಕರೆಯುತ್ತಿರಲಿಲ್ಲ. ಬೆಳಿಗ್ಗೆ ಎದುರಿಗೆ ಬಂದರೆ ಕೆಲವರು ಚಪ್ಪಲಿ ಕಿತ್ತಿತೇನೋ ಎಂಬಂತೆ ಬಗ್ಗಿ ನಿಂತು, ಇವರು ದಾಟಿ ಹೋದ ಮೇಲೆ ಮುಂದೆ ಹೋಗುತ್ತಿದ್ದರು. ಕೊರೊನಾ ವರ್ಷ ಹೆತ್ತ ಮಕ್ಕಳೇ ಅಪ್ಪನ ಹೆಣದ ಹತ್ತಿರ ಸುಳಿಯಲು ಹೆದರಿದಾಗ ಮಾತ್ರ ಅದೇ ಜನಕ್ಕೆ ನಾರಾಯಣ ಭಟ್ಟರ ನಂಬರು ಬಾಯಿಪಾಠವಾಗಿತ್ತು. ಆ ವರ್ಷ ಅವರು ಬಾಯಿಗೊಂದು ಶಲ್ಯ ಸುತ್ತಿಕೊಂಡು ಯಾರ್ಯಾರದೋ ಚಿತೆಗೆ ತಾವೇ ಬೆಂಕಿ ಇಟ್ಟು ಬಂದರು.

ಅಂಥ ಮನುಷ್ಯನಿಗೆ ಬೆಂಕಿ ಸಿಗಲಿಲ್ಲ. ಸಿಗದ ಹಾಗೆ ಮಾಡಿದವಳು ಅವರ ಮಗಳು ಪ್ರಣೀತಾ.

ಪ್ರಣೀತಾ ಮುಂಬೈಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಒಂಬತ್ತು ವರ್ಷ ಒಂದೇ ವಸ್ತುವಿನ ಬೆನ್ನು ಹತ್ತಿದ್ದಳು. ಅಕ್ಕಿಕಾಳಿಗಿಂತ ಸಣ್ಣದೊಂದು ಟೈಟೇನಿಯಂ ಕೊಳವೆ. ಅದರೊಳಗೆ ಬೆಳ್ಳಿ ತಂತಿಯ ತುಣುಕು, ತಂತಿಯ ಮೈಗೆ ಹಚ್ಚಿದ ವಿಕಿರಣ ಸೂಸುವ ಅಯೋಡಿನ್, ಎರಡೂ ತುದಿಗೆ ಲೇಸರ್ ಬೆಸುಗೆ. ಸಂಸ್ಥೆಯವರು ಇದಕ್ಕೆ ಸೀಡ್ ಎನ್ನುತ್ತಿದ್ದರು, ಪ್ರಣೀತಾ ಮನೆಯಲ್ಲಿ ಕಾಳು ಎನ್ನುತ್ತಿದ್ದಳು. ಸೂಜಿಯಲ್ಲಿ ತುಂಬಿ ಕ್ಯಾನ್ಸರ್ ಗಡ್ಡೆಯೊಳಗೆ ನೆಟ್ಟರೆ ಕಾಳು ಅಲ್ಲೇ ಕೂತು ಗಡ್ಡೆಯನ್ನು ಕೊಲ್ಲುತ್ತದೆ, ಸುತ್ತಲಿನ ಒಳ್ಳೆಯ ಮಾಂಸಕ್ಕೆ ಅಷ್ಟು ಪೆಟ್ಟಿಲ್ಲ. ಅರವತ್ತು ದಿನಕ್ಕೆ ಅದರ ಜೋರು ಅರ್ಧವಾಗುತ್ತದೆ, ಮತ್ತೆ ಅರವತ್ತು ದಿನಕ್ಕೆ ಅದರರ್ಧ. ಹೀಗೆ ಸೊರಗುತ್ತ ಸೊರಗುತ್ತ ಕೊನೆಗೆ ಬರಿ ಲೋಹದ ಚೂರಾಗಿ ದೇಹದಲ್ಲೇ ಉಳಿದುಬಿಡುತ್ತದೆ.

ಇಂಥವನ್ನು ಹೊರದೇಶದಿಂದ ತರಿಸಿದರೆ ಬರುವ ದಾರಿಯಲ್ಲೇ ಜೋರು ಕಳೆದುಕೊಂಡು ಬರುತ್ತಿದ್ದವು. ಇಲ್ಲೇ ಮಾಡಬೇಕು ಎಂದು ಹೊರಟ ಗುಂಪಿನಲ್ಲಿ ಪ್ರಣೀತಾಳ ಪಾಲಿಗೆ ಬಂದದ್ದು ಬೆಸುಗೆ. ಕೂದಲೆಳೆಯಷ್ಟು ಸಂದಿ ಉಳಿದರೂ ಒಳಗಿನದು ಸೋರುತ್ತದೆ, ಕಾಳು ಕಸಕ್ಕೆ ಹೋಗುತ್ತದೆ. ಮೊದಲ ನಾಲ್ಕು ವರ್ಷ ನೂರಕ್ಕೆ ಮೂವತ್ತು ಕಸಕ್ಕೆ ಹೋದವು. ಮದುವೆಯ ಮಾತು ಬಂದಾಗಲೆಲ್ಲ ಅವಳು ಬೆಸುಗೆಯ ನೆಪ ಹೇಳಿದಳು. ಒಂಬತ್ತನೆಯ ವರ್ಷ ಅವಳ ಕಾಳು ರೋಗಿಗಳ ಮೈಸೇರತೊಡಗಿದಾಗ ತಲೆಯಲ್ಲಿ ಕೂದಲು ನೆರೆತಿದ್ದವು.

ಅದೇ ವರ್ಷ ಅಪ್ಪನಿಗೆ ರೋಗ ಬಂತು. ಪ್ರಾಸ್ಟೇಟ್, ಮೂತ್ರಚೀಲದ ಕೆಳಗಿನ ಗ್ರಂಥಿ. ಬೇಗ ಗೊತ್ತಾದದ್ದರಿಂದ ಜೀವಕ್ಕೇನೂ ಅವಸರವಿರಲಿಲ್ಲ. ಮಿರಜದ ಡಾಕ್ಟರು ಕತ್ತರಿಸಿ ತೆಗೆಯೋಣ ಎಂದರು, ಆದರೆ ಆಮೇಲೆ ಕೆಲವರಿಗೆ ಮೂತ್ರ ತಡೆದುಕೊಳ್ಳಲು ಬರುವುದಿಲ್ಲ ಎಂದೂ ಹೇಳಿದರು. ನಾರಾಯಣ ಭಟ್ಟರು ಎದ್ದು ಬಂದುಬಿಟ್ಟರು.

"ಧೋತರ ಹಸಿ ಮಾಡ್ಕೊಂಡು ಯಾರ ಮುಂದ ಮಂತ್ರ ಹೇಳ್ಲಿ? ಮಡಿ ಹೋದ ಮ್ಯಾಲೆ ನಾ ಇದ್ದರೆಷ್ಟು, ಬಿಟ್ಟರೆಷ್ಟು?" ಎಂದು ಮಗಳಿಗೆ ಫೋನಿನಲ್ಲಿ ಹೇಳಿದರು.

ಮಗಳಿಗೆ ಇನ್ನೇನು ಬೇಕಿತ್ತು? ಕಾಳು ಹಾಕಿಸಿದರೆ ಮೂರನೆಯ ದಿನಕ್ಕೆ ಮನೆ, ಮಡಿಗೂ ಭಂಗವಿಲ್ಲ. ದೀಪಾವಳಿಗೆ ಬಂದಾಗ ಅವಳು ಖಾಲಿ ಕಾಳೊಂದನ್ನು ತಂದು ಅಪ್ಪನ ಅಂಗೈಯಲ್ಲಿಟ್ಟಳು. ಭಟ್ಟರು ಅದನ್ನು ಬೆರಳಲ್ಲಿ ಹೊರಳಿಸಿ, ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಗಟ್ಟಿ ಅದ ಏನವಾ?"

"ಬೆಂಕ್ಯಾಗ ಹಾಕಿದ್ರೂ ಏನೂ ಆಗೂದಿಲ್ಲಪ್ಪಾ," ಎಂದಳು ಪ್ರಣೀತಾ.

ಅಲ್ಲೇ ಬಾಗಿಲಲ್ಲಿ ನಿಂತಿದ್ದ ಅಣ್ಣ ಪ್ರಥಮೇಶನೂ ಕೇಳಿಸಿಕೊಂಡ. ಅವನು ಊರಲ್ಲೇ ಹೈಸ್ಕೂಲು ಮಾಸ್ತರ, ಒಮ್ಮೆ ಕೇಳಿದ ಮಾತು ಮರೆಯುವವನಲ್ಲ. ತಾಯಿ ಕಾಶೀಬಾಯಿ ಆ ಕಾಳನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಮಗಳು ನಕ್ಕಳು. ಒಂಬತ್ತು ವರ್ಷದ ಕೆಲಸವನ್ನು ಯಾರಾದರೂ ಹಾಗೆ ಪೂಜೆ ಮಾಡಿದ್ದು ಅದೇ ಮೊದಲು.

ಮುಂಬೈಯಲ್ಲಿ ಆಸ್ಪತ್ರೆಗೆ ಸೇರಿಸುವ ದಿನ ಒಂದು ಕಾಗದಕ್ಕೆ ಸಹಿ ಬೇಕಾಯಿತು. ಅದರ ಕನ್ನಡ ಪ್ರತಿ ಬರೆದವಳು ಪ್ರಣೀತಾಳೇ. ಮೂರನೆಯ ಪುಟದ ಕೊನೆಯ ಸಾಲು ಹೀಗಿತ್ತು: "ಒಂದು ವರ್ಷದೊಳಗೆ ರೋಗಿ ತೀರಿಕೊಂಡರೆ ದಹನ ಮಾಡಬಾರದು, ಹೂಳಬೇಕು. ದಹನವೇ ಆಗಬೇಕಿದ್ದರೆ ಗ್ರಂಥಿಯನ್ನು ಮೊದಲು ತೆಗೆಸಬೇಕು." ಬೇರೆ ರೋಗಿಗಳ ಮನೆಯವರಿಗೆ ಈ ಸಾಲನ್ನು ಬೆರಳಿಟ್ಟು ಓದಿ ಹೇಳಿರೆಂದು ಡಾಕ್ಟರುಗಳಿಗೆ ತಾಕೀತು ಮಾಡಿದವಳೂ ಅವಳೇ.

ಅಪ್ಪನ ಮುಂದೆ ಮಾತ್ರ ಬಾಯಿ ಬರಲಿಲ್ಲ. ಸಾವಿನಿಂದಲೇ ಊಟ ಕಾಣುತ್ತಿದ್ದ ಆ ಮನೆಯಲ್ಲಿ ಸಾವೆಂಬ ಶಬ್ದ ಆಡಬಾರದಿತ್ತು. ಸುಡುಗಾಡಿಗೆ ಹೊರಟ ಭಟ್ಟರನ್ನು ಎಲ್ಲಿಗೆಂದು ಕೇಳಿದರೆ "ಕೆಲಸಕ್ಕ" ಎನ್ನುತ್ತಿದ್ದರು, ಅಷ್ಟೇ. ಒಳ್ಳೆಯದಕ್ಕೆ ಹೊರಟಾಗ ಕೆಟ್ಟದ್ದನ್ನು ನುಡಿದರೆ ಮಕ್ಕಳ ತುಟಿಯ ಮೇಲೆ ಎರಡು ಬೆರಳಿನಿಂದ ಏಟು ಬೀಳುತ್ತಿತ್ತು. ಪ್ರಣೀತಾ ಎಡಗೈ ಹೆಬ್ಬೆರಳನ್ನು ಆ ಸಾಲಿನ ಮೇಲಿಟ್ಟು, "ಇಲ್ಲೆ ಸಹಿ ಮಾಡ್ರಿ ಅಪ್ಪಾ," ಎಂದಳು. ಅರವತ್ತೊಂಬತ್ತು ವರ್ಷದ ಗಟ್ಟಿ ಜೀವ, ಹೃದಯ, ಸಕ್ಕರೆ ಎಲ್ಲ ನೆಟ್ಟಗಿತ್ತು. ಒಂದು ವರ್ಷವೇನು, ಇಪ್ಪತ್ತು ವರ್ಷಕ್ಕೆ ಮೋಸವಿಲ್ಲ ಎಂದುಕೊಂಡಳು. ಭಟ್ಟರು ಮಗಳು ತೋರಿಸಿದಲ್ಲಿ ದುಂಡಗೆ ಸಹಿ ಮಾಡಿದರು. ಎಪ್ಪತ್ತೆರಡು ಕಾಳು ಮೈಯೊಳಗೆ ಹೋದವು.

ಐವತ್ತೊಂದನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಸಂಧ್ಯಾವಂದನೆಗೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಹೃದಯ ನಿಂತಿತ್ತು. ಕಾಳಿಗೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಇನ್ನೈದು ದಿನಕ್ಕೆ ಎಪ್ಪತ್ತು ತುಂಬಿದ ಶಾಂತಿ ಮಾಡಿಸಬೇಕೆಂದು ಪ್ರಣೀತಾ ಊರಿಗೆ ಬಂದಿದ್ದಳು. ಶಾಂತಿಗೆ ಹೇಳಿಸಿಕೊಂಡವರೇ ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದು ಕೂತರು. ಚಟ್ಟಕ್ಕೆ ಬಿದಿರು ಬಂತು, ಗಾಡಿಯಲ್ಲಿ ಕಟ್ಟಿಗೆ ಹೇರಿದ್ದಾಯಿತು. ಆಗ ಅವಳು ಅಣ್ಣನನ್ನು ಅಡಿಗೆಮನೆಗೆ ಕರೆದು ಆ ಸಾಲನ್ನು ಹೇಳಿದಳು.

ಪ್ರಥಮೇಶನಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ನಂಬಲಿಲ್ಲ.

"ಸುಡಬಾರದಾ? ಯಾರಿಗೆ ಹೇಳ್ಲಿಕ್ಹತ್ತೀದಿ ನೀ? ಇಡೀ ಊರ ಸುಟ್ಟು ಬಂದ ಮನುಷ್ಯಾ ಅಂವಾ!"

"ದಾದಾ, ಅರ್ಧಕ್ಕಿಂತ ಹೆಚ್ಚು ಜೋರು ಇನ್ನೂ ಅದ. ಉರಿಯೊಳಗ ಒಂದ ಕಾಳು ಬಾಯಿ ಬಿಟ್ಟರೂ ಹೊಗಿಯೊಳಗ ಹೋಗ್ತದ. ಸುತ್ತ ನಿಂತವರ ಮೈಗೆ ಹೋಗ್ತದ. ಮೂರನೇ ದಿನ ನೀ ಬರಿಗೈಲೆ ಅಸ್ಥಿ ಆರಸ್ತಿ. ಬೂದಿ ಒಯ್ದು ಹಿಪ್ಪರಗಿ ಹೊಳಿಗೆ ಬಿಡ್ತಿ, ಜನ ಅದ ನೀರು ಕುಡೀತಾರ."

"ಬಾಯಿ ಬಿಟ್ಟರ ಅಂತೀದಿ. ದೀಪಾವಳಿಗೆ ಏನಂದಿ? ಬೆಂಕ್ಯಾಗ ಹಾಕಿದ್ರೂ ಏನೂ ಆಗೂದಿಲ್ಲ ಅಂದ್ಯೋ ಇಲ್ಲೋ?"

"ಅಂದಿದ್ದೆ," ಎಂದಳು ಅವಳು.

"ಗಟ್ಟಿ ಇದ್ದರ ಸುಡೂಣು. ಗಟ್ಟಿ ಇಲ್ಲದ್ದನ್ನ ಅಪ್ಪನ ಮೈಯಾಗ ಯಾಕ ಇಟ್ಟಿ? ಎರಡ್ರಾಗ ಒಂದು ಹೇಳು!"

ಹೇಳುವುದೇನಿತ್ತು? ನಿಯಮದ ಪುಸ್ತಕದಲ್ಲಿ ಆರುನೂರು ಡಿಗ್ರಿ ತಾಳಿದರೆ ಸಾಕು ಎಂದಿತ್ತು, ಅವಳ ಗುಂಪಿನವರು ಪರೀಕ್ಷೆಯನ್ನು ಆರುನೂರಕ್ಕೆ ನಿಲ್ಲಿಸಿದ್ದರು. ಕಟ್ಟಿಗೆಯ ಚಿತೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಪುಸ್ತಕ ಬರೆದವರು ಚಿತೆ ನೋಡಿರಲಿಕ್ಕಿಲ್ಲ. ಇವಳಿಗೇನಾಗಿತ್ತು ಧಾಡಿ? ಸುಡುಗಾಡಿನ ಭಟ್ಟರ ಮಗಳು, ಹೊಗೆಯ ವಾಸನೆ ಹೊತ್ತು ಬರುತ್ತಿದ್ದ ಧೋತರಗಳನ್ನು ನೋಡುತ್ತಲೇ ಬೆಳೆದವಳು. ಈ ದೇಶದ ದೇಹಗಳಿಗೆಂದು ಒಂಬತ್ತು ವರ್ಷ ಕಾಳು ಮಾಡಿದಳು, ಆ ದೇಹಗಳು ಕೊನೆಗೆ ಎಲ್ಲಿಗೆ ಹೋಗುತ್ತವೆಂದು ಒಂದು ದಿನ ಯೋಚಿಸಲಿಲ್ಲ. ಬರೆದದ್ದನ್ನು ಕನ್ನಡಕ್ಕೆ ಇಳಿಸಿ ಕೈತೊಳೆದುಕೊಂಡಿದ್ದಳು.

ಮುಧೋಳದ ಸರ್ಜನ್ ಒಬ್ಬರಿಗೆ ಫೋನ್ ಮಾಡಿ ಗ್ರಂಥಿ ತೆಗೆಯಲು ಆಗುತ್ತದೆಯೇ ಎಂದು ಕೇಳಿದಳು. ಕಾಗದಪತ್ರ ಬೇಕು, ಇಂಥದ್ದನ್ನು ನಾನು ಮುಟ್ಟಿದವನಲ್ಲ, ನಾಳೆ ನೋಡೋಣ ಎಂದರು ಅವರು. ಕತ್ತರಿಸುವ ಮಾತು ಕಿವಿಗೆ ಬಿದ್ದದ್ದೇ ಪ್ರಥಮೇಶ ಬಾಗಿಲಿಗೆ ಅಡ್ಡ ನಿಂತ. ಮುಂಬೈಯ ಸಂಸ್ಥೆಯ ಸಾಹೇಬರು ಫೋನಿನಲ್ಲಿ ಸಮಾಧಾನ ಹೇಳಿ, ಆಮೇಲೆ ದನಿ ತಗ್ಗಿಸಿದರು. ಮುಂದಿನ ವಾರ ಹನ್ನೊಂದು ಜನಕ್ಕೆ ಕಾಳು ಹಾಕುವುದಿದೆ. ನಮ್ಮವರ ಮನೆಯಲ್ಲೇ ನಿಯಮ ಮುರಿದರು ಎಂದು ಸುದ್ದಿಯಾದರೆ ಎಲ್ಲ ನಿಂತುಹೋಗುತ್ತದೆ. ನೀನು ತಿಳಿದವಳು, ಎಂದರು.

ಕೊನೆಗೆ ಕಾಶೀಬಾಯಿ ಹೆಣದ ತಲೆದೆಸೆಯಿಂದ ಎದ್ದು ಬಂದಳು. ಕಣ್ಣು ಒಣಗಿದ್ದವು.

"ಪ್ರಣಿ, ಒಂದ ಮಾತು ಹೇಳು. ಇವರನ್ನ ಸುಟ್ಟರ ಮಂದಿಗೆ ತ್ರಾಸ ಆಗ್ತದೇನು?"

ಆಗಬಹುದು, ಆಗದೆಯೂ ಇರಬಹುದು. ಖರೆ ಹೇಳಬೇಕೆಂದರೆ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವಾಗಲಿಲ್ಲ. ಹಾಗೆಂದರೆ ಪ್ರಥಮೇಶ ಮರುಗಳಿಗೆಯೇ ಚಟ್ಟ ಎತ್ತುತ್ತಿದ್ದ. ಸುಡುಗಾಡಿನಲ್ಲಿ ನಿಲ್ಲುವವರು ನೆನಪಾದರು, ಹನ್ನೊಂದು ರೋಗಿಗಳು ನೆನಪಾದರು, ತನ್ನ ಹೆಸರೂ ನೆನಪಾಯಿತು. ಯಾವುದು ಮೊದಲು ನೆನಪಾಯಿತೆಂದು ಆಮೇಲೆ ಎಷ್ಟು ಕೆದಕಿದರೂ ಅವಳಿಗೆ ಹೊಳೆಯಲಿಲ್ಲ.

"ಆಗ್ತದ, ಆಯಿ," ಎಂದಳು.

"ಹಂಗಾರ ಬ್ಯಾಡ," ಎಂದಳು ಕಾಶೀಬಾಯಿ.

ಹೂಳುವುದೆಂದರೆ ಎಲ್ಲಿ? ಅಂಗಳದಲ್ಲಿ ಕೂತವರೆಲ್ಲ ನೆಲ ನೋಡತೊಡಗಿದರು. ಅವರ ಪೈಕಿ ಎಷ್ಟೋ ಮಂದಿಯ ತಂದೆತಾಯಿಗೆ ಭಟ್ಟರು ಕೊರೊನಾದಲ್ಲಿ ಬೆಂಕಿ ಇಟ್ಟಿದ್ದರು. ಒಬ್ಬರು, "ಸನ್ಯಾಸಿಗಳನ್ನ ಹೂಳ್ತಾರಲ್ಲ, ಹಂಗ ಅಂದ್ಕೋರಿ," ಎಂದರು. "ನಮ್ಮಪ್ಪ ಸನ್ಯಾಸ ಯಾವಾಗ ತಗೊಂಡಿದ್ದ?" ಎಂದು ಪ್ರಥಮೇಶ ಅವರ ಮೇಲೇ ಏರಿ ಹೋದ. ಒಬ್ಬರಿಗೆ ಬ್ಯಾಂಕಿನ ಕೆಲಸ ನೆನಪಾಯಿತು, ಇನ್ನೊಬ್ಬರಿಗೆ ಬಸ್ಸಿನ ಹೊತ್ತಾಯಿತು. ಅಂಗಳ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಉಳಿದವರು ಹುನ್ನೂರಿನ ಬಸಗೊಂಡಪ್ಪ ಒಬ್ಬರೇ. ಲಿಂಗಾಯತ ರೈತ, ಭಟ್ಟರ ಶಾಲೆಯ ಗೆಳೆಯ. ಇಬ್ಬರೂ ಐವತ್ತು ವರ್ಷದಿಂದ ವಾರಕ್ಕೊಮ್ಮೆ ಕೂತು ಒಬ್ಬರನ್ನೊಬ್ಬರು ಬೈದುಕೊಂಡು ಚಹಾ ಕುಡಿಯುತ್ತಿದ್ದರು.

"ವೈನಿ, ನಮ್ಮ ಹೊಲದಾಗ ಜಾಗಾ ಐತ್ರಿ," ಎಂದರು ಬಸಗೊಂಡಪ್ಪ ಕಾಶೀಬಾಯಿಗೆ. "ನಮ್ಮಪ್ಪ, ನಮ್ಮವ್ವ ಅಲ್ಲೇ ಅದಾರ. ಬಾಜೂಕ ಇಡೂಣು. ನಾನೂ ನಾಳಿ ಅಲ್ಲೇ ಬರಾವ. ಸುಡಾಕ ಆಗದಿದ್ದರ ಮಣ್ಣಾಗ ಇಟ್ಟರ ಏನ ಕಡಿಮಿ ಆಕ್ಕೈತಿ? ನಾವೆಲ್ಲಾ ಮಣ್ಣಾಗ ಹೋಗವರ ಅಲ್ಲೇನ್ರಿ?"

ಟ್ರ್ಯಾಕ್ಟರಿನಲ್ಲಿ ಒಯ್ದರು. ಪ್ರಥಮೇಶ ಬರಲಿಲ್ಲ. ಕಬ್ಬಿನ ಹೊಲದ ಮೂಲೆಯಲ್ಲಿ ಬಸಗೊಂಡಪ್ಪನ ಮಕ್ಕಳು ಆಳೆತ್ತರದ ಕುಣಿ ತೋಡಿದ್ದರು. ಅವರ ಕೈಗೆ ರೂಢಿಯಿದ್ದಂತೆ ಒಳಗೊಂದು ಗೂಡನ್ನೂ ಕೊರೆದಿದ್ದರು, ಲಿಂಗಾಯತರು ಹೆಣವನ್ನು ಕೂರಿಸಿ ಹೂಳುತ್ತಾರೆ. ಬಸಗೊಂಡಪ್ಪ ಕುಣಿ ನೋಡಿ, ಹೆಣ ನೋಡಿ, ಪ್ರಣೀತಾಳ ಕಡೆ ತಿರುಗಿದರು.

"ತಂಗಿ, ನಿಮ್ಮ ಪೈಕಿ ಹೆಂಗ? ಕೂಡ್ರಸೂದೋ, ಮಲಗಸೂದೋ?"

ಅವಳಿಗೆ ಗೊತ್ತಿರಲಿಲ್ಲ. ಇದಕ್ಕೆ ಮಂತ್ರ ಯಾವುದು, ತಲೆ ಯಾವ ದಿಕ್ಕಿಗೆ, ಮೊದಲ ಹಿಡಿ ಮಣ್ಣು ಯಾರು ಹಾಕಬೇಕು, ಒಂದೂ ಗೊತ್ತಿರಲಿಲ್ಲ. ಹೇಳಿಕೊಡುವ ಒಬ್ಬೇ ಒಬ್ಬ ಮನುಷ್ಯ ಟ್ರ್ಯಾಕ್ಟರಿನಲ್ಲಿ ಬಿಳಿ ಬಟ್ಟೆಯೊಳಗೆ ಮಲಗಿದ್ದ. "ಮಲಗಸ್ರಿ, ಕಾಕಾ," ಎಂದಳು. ಮಣ್ಣು ಬೀಳುವಾಗ ಬಸಗೊಂಡಪ್ಪ ತಮಗೆ ಬರುವ ಎರಡು ವಚನ ಹೇಳಿದರು. ಪ್ರಣೀತಾ ಬ್ಯಾಗಿನಲ್ಲಿದ್ದ ವಿಕಿರಣ ಅಳೆಯುವ ಯಂತ್ರ ತೆಗೆದು ಮಣ್ಣಿನ ಮೇಲೆ ಹಿಡಿದಳು. ಮುಳ್ಳು ಅಲುಗಲಿಲ್ಲ. ನಿಯಮದಂತೆ ಅದನ್ನು ಚೀಟಿಯಲ್ಲಿ ಬರೆದುಕೊಂಡಳು, ಬರೆಯುತ್ತಿರುವಾಗಲೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೆಣ ಸಿಗದವರಿಗೆ ಒಂದು ವಿಧಿಯಿದೆ. ಮುನ್ನೂರ ಅರವತ್ತು ಮುತ್ತಲದ ಎಲೆಗಳ ತೊಟ್ಟಿನಿಂದ ಮನುಷ್ಯಾಕಾರ ಕಟ್ಟಿ, ತಲೆಗೊಂದು ತೆಂಗಿನಕಾಯಿ ಇಟ್ಟು, ಅದನ್ನೇ ಚಿತೆಗೇರಿಸಿ ಸುಡುವುದು. ದೂರದ ಆಸ್ಪತ್ರೆಯಲ್ಲಿ ಸತ್ತು ಹೆಣ ಮನೆಗೆ ಬರದಿದ್ದ ಒಬ್ಬರಿಗಾಗಿ ನಾರಾಯಣ ಭಟ್ಟರು ಕೊರೊನಾ ವರ್ಷ ಅದನ್ನು ಮಾಡಿಸಿದ್ದರು. ಪ್ರಥಮೇಶ ಬೀಳಗಿ ಕಡೆಯ ಗುಡ್ಡಕ್ಕೆ ಹೋಗಿ ಮುತ್ತಲದ ಎಲೆ ತಂದ. ರಬಕವಿಯಿಂದ ಬಂದ ಭಟ್ಟರಿಗೆ ಆ ವಿಧಿ ಬರುತ್ತಿರಲಿಲ್ಲ, ತೀರಿಕೊಂಡವರದೇ ನೋಟಬುಕ್ಕು ತೆಗೆದು, ಅವರದೇ ಅಕ್ಷರ ಓದಿ ಮಾಡಿಸಿದರು. ದೇಹ ದೊರೆಯದ್ದರಿಂದ ಎಂಬ ಮಾತನ್ನು ಸಂಕಲ್ಪದಲ್ಲಿ ಹೇಳಬೇಕು. ದೇಹ ಹುನ್ನೂರಿನ ಹೊಲದಲ್ಲಿತ್ತು, ಬೈಕಿನಲ್ಲಿ ಹೋದರೆ ಕಾಲು ಗಂಟೆಯ ದಾರಿ. ಪ್ರಥಮೇಶ ಆ ಮಾತು ಬಂದಾಗ ತಂಗಿಯ ಮುಖ ನೋಡುತ್ತಲೇ ಹೇಳಿದ. ಎಲೆಯ ಅಪ್ಪ ಒಂದು ಕ್ಷಣದಲ್ಲಿ ಉರಿದುಹೋದ.

ಹನ್ನೊಂದು ರೋಗಿಗಳಿಗೆ ಹೇಳಿದ ದಿನಕ್ಕೇ ಕಾಳು ಹಾಕಿದರು. ಪ್ರಣೀತಾ ಕೆಲಸಕ್ಕೆ ಮರಳಿದಳು. ನಾಲ್ಕು ತಿಂಗಳಾದ ಮೇಲೆ ಸಾಹೇಬರನ್ನು ಕೇಳಿ, ಇಪ್ಪತ್ನಾಲ್ಕು ಖಾಲಿ ಕಾಳುಗಳನ್ನು ಕುಲುಮೆಗೆ ಹಾಕಿಸಿದಳು. ಮೊದಲೇ ಮಾಡಬೇಕಿದ್ದ ಪರೀಕ್ಷೆ. ಚಿತೆಯಷ್ಟೇ ಕಾವು, ಚಿತೆಯಷ್ಟೇ ಹೊತ್ತು. ಒಂದಾದರೂ ಒಡೆಯಲಿ ಎಂದು ಅವಳು ದೇವರಲ್ಲಿ ಬೇಡಿಕೊಂಡಳು. ತಾನು ಹಾಕಿದ ಬೆಸುಗೆ ಬಿಟ್ಟುಹೋಗಲಿ ಎಂದು ಹರಕೆ ಹೊತ್ತವಳು ಇವಳೊಬ್ಬಳೇ ಇರಬೇಕು.

ಕಾಳುಗಳು ಕಪ್ಪಾಗಿ ಹೊರಗೆ ಬಂದವು. ಸೋರಿಕೆಯ ಪರೀಕ್ಷೆಯಲ್ಲಿ ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೂ ಗಟ್ಟಿ. ಇನ್ನೆರಡು ಸಲ ಮಾಡಿಸಿದಳು, ಅದೇ ಫಲ. ಲ್ಯಾಬಿನವರು ಅವಳ ಬೆನ್ನು ತಟ್ಟಿದರು, ಸಾಹೇಬರು ಪೇಢೆ ತರಿಸಿದರು. ಕೈಗಿಟ್ಟ ಪೇಢೆಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಅಪ್ಪನ ವರ್ಷಾಂತದ ಶ್ರಾದ್ಧಕ್ಕೆ ಊರಿಗೆ ಬಂದಳು. ಯಾರೂ ಕೇಳದಿದ್ದರೆ ಹೇಳುವುದು ಬೇಡ, ಕೇಳಿದರೆ ಗೊತ್ತಿಲ್ಲ ಎನ್ನುವುದು ಎಂದು ಬಸ್ಸು ಮಿರಜ ದಾಟುವುದರೊಳಗೆ ಗಟ್ಟಿ ಮಾಡಿಕೊಂಡಿದ್ದಳು. ಆ ಒಂದು ವರ್ಷ ಅಣ್ಣ ಅವಳೊಡನೆ ಮಾತಾಡಿರಲಿಲ್ಲ. ಅವತ್ತು ಶ್ರಾದ್ಧ ಮುಗಿಸಿ ಭಟ್ಟರನ್ನು ಕಳಿಸಿ ಬಂದವನು ಅವಳ ಎದುರಿಗೇ ಕೂತ. ಕಾಶೀಬಾಯಿ ಅಲ್ಲೇ ಬಾಳೆಎಲೆ ಒರೆಸುತ್ತಿದ್ದಳು.

"ವರ್ಷ ಆತು. ಕಾಳು ಸತ್ತಾವೇನು?"

"ಇದ್ದೂ ಇಲ್ಲದಂಗ, ದಾದಾ."

"ಅಂದ್ರ ಇವತ್ತು ಹೋಗಿದ್ರ ಸುಡಬಹುದಿತ್ತು."

"ಹೂಂ."

"ಇರ್ಲಿ. ಎಲಿ ಸುಟ್ಟೀನಿ, ಎರಡನೇ ಸಲ ಸುಡ್ಲಿಕ್ಕೆ ಬರೂದಿಲ್ಲ." ಅವನು ಬೆರಳಿನ ಪವಿತ್ರದುಂಗುರದ ದರ್ಭೆ ಬಿಚ್ಚತೊಡಗಿದ. "ಒಂದು ಕೇಳ್ತೀನಿ, ಖರೆ ಹೇಳು. ಆವತ್ತ ಸುಟ್ಟಿದ್ರ ಒಡೀತಿದ್ದುವೇನು?"

ಗೊತ್ತಿಲ್ಲ ಎಂಬ ಮಾತು ನಾಲಿಗೆಯ ಮೇಲಿತ್ತು. ಆಡಬೇಕಾಗಿದ್ದ ದಿನ ಅದನ್ನು ಆಡಿರಲಿಲ್ಲ. ಇವತ್ತು ಆಡಿದರೆ ಅದೂ ಸುಳ್ಳು.

"ಇಲ್ಲ," ಎಂದಳು. "ಭಟ್ಟಿಯೊಳಗ ಹಾಕಿ ನೋಡೇನಿ. ಒಂದೂ ಒಡೀಲಿಲ್ಲ."

ಪ್ರಥಮೇಶ ಬೈಯುತ್ತಾನೆಂದು, ಕೈಯೆತ್ತಿದರೂ ಎತ್ತುತ್ತಾನೆಂದು ಕಾದಳು. ಅವನು ದರ್ಭೆಯನ್ನು ನೆಲದ ಮೇಲಿಟ್ಟು ಎದ್ದ.

"ದೀಪಾವಳಿಗೆ ಅಪ್ಪಗ ಹೇಳಿದ್ದು ಖರೆನ ಇತ್ತು, ಹಂಗಾರ," ಎಂದು ಹೊರಗೆ ಹೋದ.

ಕಾಶೀಬಾಯಿಯ ಕೈ ಎಲೆಯ ಮೇಲೆ ನಿಂತಿತ್ತು. ಮಗಳು ತಾಯಿಯ ಬಾಯನ್ನೇ ನೋಡುತ್ತಿದ್ದಳು. ಆವತ್ತು ನಾನು ಕೇಳಿದ್ದಕ್ಕೆ ಏನು ಹೇಳಿದೆ ಎಂದು ಕೇಳಲಿ, ಒಂದು ಸಲ ಶಾಪ ಹಾಕಲಿ ಎಂದು ಜೀವ ಹಾತೊರೆಯಿತು.

"ಇನ್ನ ಮ್ಯಾಲೆ ಕಾಳು ಹಾಕಿಸ್ಕೊಂಡವರು ಹೋದರ ಸುಡಬಹುದೇನು?" ಎಂದು ಕೇಳಿದಳು ತಾಯಿ.

"ಸುಡಬಹುದು ಅಂತ ಕಾಗದ ಬದಲಿ ಮಾಡಸ್ಲಿಕ್ಹತ್ತೇವಿ, ಆಯಿ."

"ಛಲೋ ಆತು," ಎಂದಳು ಕಾಶೀಬಾಯಿ. "ಮಂದಿಗೆಲ್ಲಾ ಬೆಂಕಿ ಸಿಗ್ತದ. ನಿಮ್ಮಪ್ಪನ ಜೀವಮಾನದ ಕೆಲಸಾನ ಅದು."

ಆಮೇಲೆ ಮಗಳ ಮುಂದೆ ಎಲೆ ಹಾಕಿ, ನೀರು ಚಿಮುಕಿಸಿ, ಅನ್ನ ಬಡಿಸಿದಳು.